ಕೆಂಪು ದಾರದ ಕರ್ಬೂಜ

ಹೆಬ್ಬೂರಿನ ತನ್ನ ಹೊಲಕ್ಕೆ ಬೆಳಿಗ್ಗೆ ಬಂದ ಟೈಲರ್ ಅಬ್ದುಲ್ ರಶೀದನ ಎದೆ ಧಸಕ್ಕೆಂದಿತು. ಅರವತ್ತು ಕರ್ಬೂಜದ ಬಳ್ಳಿಗಳಲ್ಲಿ ಒಂದೇ ಒಂದಕ್ಕೆ ಅವನು ಕೆಂಪು ದಾರ ಕಟ್ಟಿದ್ದ. ಈಗ ಅರವತ್ತಕ್ಕೂ ದಾರ!

ಅಯ್ಯೋ, ಮೂರು ವರ್ಷದ ಪಾಡು ಆ ದಾರದಲ್ಲಿತ್ತು. ಎಲ್ಲಕ್ಕಿಂತ ಮೊದಲು ಹೆಣ್ಣು ಹೂ ಬಿಟ್ಟ ಬಳ್ಳಿಗೆ ದಾರ ಕಟ್ಟುವುದು, ಅದರ ಕಾಯಿ ಎಣಿಸುವುದು, ಅದರದೇ ಬೀಜ ಮರುವರ್ಷ ಬಿತ್ತುವುದು. ಮಿಕ್ಕ ಬಳ್ಳಿಗಳು ಮೂರು ಕಾಯಿಗೇ ಸುಸ್ತಾದರೆ ದಾರದ್ದು ಒಂಬತ್ತು ಬಿಡುತ್ತಿತ್ತು. ಅದನ್ನು ನೋಡಲು ತುಮಕೂರಿನ ಬೀಜದ ಕಂಪನಿಯ ಶೃತಿ ಮೇಡಂ ಇವತ್ತೇ ಬರುವವರಿದ್ದರು. ಅವರು ಒಪ್ಪದಿದ್ದರೆ ಹೊಲದ ಹುಚ್ಚು ಬಿಟ್ಟು ಶಿರಾ ಗೇಟಿನ ಹೊಲಿಗೆ ಅಂಗಡಿಯಲ್ಲಿ ಮಿಷನ್ ತುಳಿದುಕೊಂಡಿರುತ್ತೇನೆಂದು ಹೆಂಡತಿ ರಹಿಮಾ ಬೀಗೆ ಅವನು ಮಾತು ಕೊಟ್ಟಾಗಿತ್ತು.

“ಯಾರು ಕಟ್ಟಿದ್ದು ಇದನ್ನ?”

“ನಾನೇ ಕಣಣ್ಣ!” ಪಕ್ಕದ ಹೊಲದ ಕರಿಬಸಮ್ಮ ಹೆಮ್ಮೆಯಿಂದ ಬಂದಳು. ರಶೀದ್ ಭಾನುವಾರ ಮಾತ್ರ ಬರುತ್ತಿದ್ದುದರಿಂದ ಬಳ್ಳಿಗಳಿಗೆ ನೀರು ಬಿಡುತ್ತಿದ್ದವಳು ಅವಳೇ. “ಆಫೀಸರ್ರು ಬತ್ತಾವ್ರೆ ಅಂದ್ರಲ್ಲ. ದೃಷ್ಟಿಗೆ ಅಂತ ನೀವು ಒಂದಕ್ಕೇ ಕಟ್ಟಿದ್ರಿ. ಮಿಕ್ಕಿದ್ದೇನ್ ಪಾಪ ಮಾಡಿದ್ವು?”

“ದೃಷ್ಟಿಗಲ್ಲಮ್ಮಾ, ಗುರುತಿಗೆ! ಕೆಟ್ಟೆ ನಾನು!”

ಬಳ್ಳಿಗಳು ಒಂದರೊಳಗೊಂದು ಹೆಣೆದುಕೊಂಡು ಯಾವ ಬುಡ ಯಾವುದೆಂದು ತಿಳಿಯುವಂತಿರಲಿಲ್ಲ; ಕರಿಬಸಮ್ಮನೂ ದಾರ ನೋಡಿಯೇ ಗುರುತು ಹಿಡಿಯುತ್ತಿದ್ದುದು. ರಶೀದ್ ಮಂಡಿಯೂರಿ ಎಲೆ ಸರಿಸಿ ಕಾಯಿ ಎಣಿಸತೊಡಗಿದ. ಸಹಾಯಕ್ಕೆಂದು ಕರಿಬಸಮ್ಮನ ಗಂಡ ದೊಡ್ಡರಂಗಯ್ಯ ಆಚೆ ತುದಿಯಿಂದ ಶುರು ಮಾಡಿದ. ಇಪ್ಪತ್ತನೇ ಬಳ್ಳಿಯಲ್ಲಿ ರಶೀದ್ ತಲೆ ಎತ್ತಿ ನೋಡಿದರೆ, ಆಸಾಮಿ ಕಾಯಿಗಳನ್ನೆಲ್ಲ ಕಿತ್ತು ಬದುವಿನ ಮೇಲೆ ಸಾಲಾಗಿ ಇಡುತ್ತಿದ್ದಾನೆ!

“ರಂಗಯ್ಯಾ! ಏನಪ್ಪಾ ಇದು?”

“ಎಲೆ ಒಳಗೆ ಕಾಣಾಕಿಲ್ಲ ರಶೀದಣ್ಣ. ಹಿಂಗಾದ್ರೆ ಎಣ್ಸಾಕೆ ಸಲೀಸು.”

ರಶೀದ್ ಎದ್ದೂ ಬಿದ್ದೂ ಓಡಿ ಅವನ ಕೈ ಹಿಡಿದುಕೊಂಡ. ಆ ಕೈ ಚಾಚಿದ್ದ ಬಳ್ಳಿಯಲ್ಲೇ, ಪುಣ್ಯಕ್ಕೆ, ಒಂಬತ್ತು ಕಾಯಿ ಇದ್ದವು. ಶೃತಿ ಮೇಡಂ ಬರುವವರೆಗೂ ಅವನು ಅದನ್ನು ಬಿಟ್ಟು ಕದಲಲಿಲ್ಲ.

ಮೇಡಂ ಎಣಿಸಿದರು, ತೂಗಿದರು, ಒಂದನ್ನು ಕೊಯ್ದು ರುಚಿ ನೋಡಿದರು.

“ಭೇಷ್ ರಶೀದ್ ಸಾಬ್ರೇ! ಇದರ ಬೀಜ ನಾವು ತಗೋತೀವಿ.”

ರಶೀದನ ಕಣ್ಣಲ್ಲಿ ನೀರಾಡಿತು. ರಹಿಮಾ ಬೀಗೆ ಹೇಳೋಣವೆಂದು ಫೋನ್ ತೆಗೆದ.

“ತಗೊಳ್ದೆ ಇರ್ತೀರಾ ಮತ್ತೆ?” ಎಂದಳು ಕರಿಬಸಮ್ಮ. “ಅಣ್ಣ ಇಷ್ಟಪಟ್ಟು ದಾರ ಕಟ್ಟಿದ್ ಬಳ್ಳಿ ಅಂತ ಮೂರು ವರ್ಸದಿಂದ ಗೋಬರ್ ಗ್ಯಾಸ್ ಬಗ್ಗಡ ಉಯ್ತಾ ಇದೀನಿ. ದಿನ ಬಿಟ್ಟು ದಿನ ಒಂದು ಬಕೇಟು!”

ಮೇಡಂ ಪೆನ್ನು ನಿಂತಿತು. “ಇದೊಂದಕ್ಕೇನಾ?”

“ಹೂಂ ಕಣವ್ವ. ಅರವತ್ತಕ್ಕೂ ಉಯ್ಯಾಕೆ ನಮ್ಮನೇಲಿರೋದೇ ಎರಡು ಹಸ.”

“ಅದಕ್ಕೇ ಎಲ್ಲ ಹೋದ ವರ್ಷದ ದಾರದ ಬಳ್ಳಿ ಬೀಜದಿಂದಲೇ ಹುಟ್ಟಿದ್ರೂ ಮಿಕ್ಕಿದ್ದೆಲ್ಲ ಮೂರಕ್ಕೇ ನಿಂತಿರೋದು. ಸಾರಿ ಸಾಬ್ರೇ, ಇದೆಲ್ಲ ಬಗ್ಗಡದ ಮಹಿಮೆ, ಬೀಜದಲ್ಲಿ ಏನೂ ಇಲ್ಲ.” ಮೇಡಂ ಪುಸ್ತಕ ಮುಚ್ಚಿ ಕರಿಬಸಮ್ಮನ ಕಡೆ ತಿರುಗಿದರು. “ಅಮ್ಮಾ, ನಿಮ್ಮ ಬಗ್ಗಡದ ಗುಂಡಿ ಸ್ವಲ್ಪ ತೋರಿಸ್ತೀರಾ?”

ಇಬ್ಬರೂ ಮಾತಾಡಿಕೊಂಡು ಹೊರಟೇ ಹೋದರು. ರಶೀದ್ ತಲೆ ಮೇಲೆ ಕೈ ಹೊತ್ತು ಬಳ್ಳಿಯ ಪಕ್ಕ ಕುಸಿದ. ಅವನಿಗೆ ಗೊಳೋ ಎಂದು ಅಳಬೇಕೆನಿಸಿತು. ನಾಳೆಯಿಂದ ಮಿಷನ್ನೇ ಗತಿ.

ದೊಡ್ಡರಂಗಯ್ಯನಿಗೆ ಕರುಳು ಚುರುಕ್ಕೆಂದಿತು. ಬಂದು ಬೆನ್ನು ಸವರಿದ.

“ಬುಡಿ ರಶೀದಣ್ಣ, ಅದ್ಕ್ಯಾಕಿಂಗೆ ಕುಂತ್ಕೊಂಡ್ರಿ? ಬರೋ ವರ್ಸ ನೀವು ದಾರ ಕಟ್ಟಿ, ಸಾಕು. ನಾನು ಹೇಳಿ ಎರಡು ಬಕೇಟ್ ಉಯ್ಸ್ತೀನಿ.”