ಕಡೇಚೂರಿನಲ್ಲಿ ಪಿಎಫ್ ತೆರೆದ ಕಥೆಗಳು

ಪಿಎಫ್ ಅಂದರೆ ನಗುವ ವಿಷಯವಲ್ಲ ಎಂದು ನಾನೂ ತಿಳಿದಿದ್ದೆ. ಕಡೇಚೂರಿನ ನಮ್ಮ ಔಷಧ ಕಾರ್ಖಾನೆಯ ಆಫೀಸಿನಲ್ಲಿ ಕೂತ ಮೇಲೆ ಗೊತ್ತಾಯಿತು, ನಗದೆ ಆ ಕೆಲಸ ಮುಗಿಯುವುದೇ ಇಲ್ಲ. ಗುತ್ತೇದಾರನ ಕೈಕೆಳಗೆ ದಿನಗೂಲಿಗೆ ಬರುತ್ತಿದ್ದವರನ್ನು ಕಂಪನಿ ಕಾಯಂ ಮಾಡಿಕೊಂಡಾಗ ಎಲ್ಲರ ಪಿಎಫ್ ಖಾತೆ ತೆರೆಸುವ ಕೆಲಸ ನನ್ನ ತಲೆಗೆ ಬಂತು. ಬಹಳ ಮಂದಿಗೆ ಮುಪ್ಪಿನ ಕಾಲಕ್ಕೆಂದು ಎತ್ತಿಡುತ್ತಿದ್ದ ಮೊದಲ ದುಡ್ಡು ಅದು.

ತಪ್ಪು ಯಾರದು?

ಮೊದಲ ದಿನ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂಡಿಸಿ ಹೇಳಿದೆ: "ತಿಂಗಳಾ ನಿಮ್ಮ ಪಗಾರದಾಗ ಒಂದಿಷ್ಟು ಹಿಡೀತೀವಿ. ವಯಸ್ಸಾದಾಗ ಬಡ್ಡಿ ಸಮೇತ ನಿಮಗ ಬರ್ತದ."

ಬಾಯ್ಲರ್ ಕಡೆಯ ಹಿರಿಯರೊಬ್ಬರು ಎದ್ದು ನಿಂತರು. "ಹಿಡಿಯಾಕ ನಾವೇನ್ ತಪ್ಪು ಮಾಡೀವ್ರಿ?"

"ತಪ್ಪೇನಿಲ್ಲ ಕಾಕಾ. ನೀವು ಹಾಕಿದಂಗ ಕಂಪನಿನೂ ತನ್ನ ಪಾಲು ಹಾಕ್ತದ."

ಕಾಕಾ ಮೀಸೆ ತೀಡುತ್ತ ಯೋಚಿಸಿದರು. "ಹಂಗಾದ್ರ ತಪ್ಪು ಇಬ್ಬರದೂ ಅದ ಬಿಡ್ರಿ. ಹಿಡೀರಿ!"

ಮೊಳಕೆ

ಲೋಡಿಂಗಿನವನೊಬ್ಬ ಶಹಾಪುರದ ಕಡೆಯವ, ಮನೆಯಲ್ಲಿ ತೊಗರಿ ಬೆಳೆಯುವವ. ಮೊದಲ ತಿಂಗಳ ದುಡ್ಡು ಖಾತೆಗೆ ಬಿದ್ದ ಮರುದಿನವೇ ಬಂದ.

"ಸಾಹೇಬ್ರ, ಸ್ವಲ್ಪ ತಕ್ಕೊಡ್ರಿ."

"ಯಾಕೋ, ಅಡಚಣಿ ಏನರ ಅದೇನು?"

"ಇಲ್ರಿ. ಬರ್ತದೋ ಇಲ್ಲೋ ನೋಡೂಣಂತ."

ನನಗೆ ಸಿಟ್ಟು ಬಂತು. "ತೊಗರಿ ಬಿತ್ತಿ ಬಂದು ಮಣ್ಣು ಕೆದರಿ ನೋಡ್ತಿಯೇನೋ?"

"ನೋಡ್ತೀವಲ್ರಿ," ಅಂದ ಶಾಂತವಾಗಿ. "ಒಂದ್ ಕಾಳು ತೆಗದು ಮೊಳಕಿ ಬಂದದೇನಂತ ನೋಡೇ ಹೊಳ್ಳಿ ಮುಚ್ತೀವಿ. ನೀವು ಎಂದೂ ಬಿತ್ತಿಲ್ಲೇನ್ರಿ?"

ವರ ಪರೀಕ್ಷೆ

ನಮ್ಮಲ್ಲಿನ ಸುರಪುರದ ವೆಲ್ಡರ್ ಒಬ್ಬನಿಗೆ ಹೆಣ್ಣು ನೋಡುತ್ತಿದ್ದರು. ಮಾತುಕತೆ ಎಲ್ಲಿಯೋ ತಡೆದು ನಿಂತಿತ್ತು. ನಮ್ಮವ ಜೋರಿನಲ್ಲಿ "ನನಗ ಪಿಂಚಣಿನೂ ಅದ" ಎಂದು ಹೇಳಿ ಬಂದಿದ್ದ. ಖಾತ್ರಿ ಮಾಡಿಕೊಳ್ಳಲು ಹುಡುಗಿಯ ಮಾಮು, ಅಂದರೆ ಸೋದರಮಾವ, ನನಗೇ ಫೋನ್ ಹಚ್ಚಿದರು.

"ಸಾಬ್, ಹುಡುಗಗ ಪಿಂಚಣಿ ಅದ ಅಂತಾನ. ಸಚ್ ಏನ್ರಿ?"

ಹುಡುಗನಿಗೆ ಒಳ್ಳೆಯದಾಗಲಿ ಎಂದು ಗಟ್ಟಿಯಾಗಿ ಹೇಳಿದೆ: "ಪಕ್ಕಾ ಅದರಿ! ಪಿಎಫ್‌ನಾಗ ಐವತ್ತೆಂಟಾದವರಿಗೆ ತಿಂಗಳಾ ಬರ್ತದ."

ಆ ಕಡೆಯಿಂದ ಮೆಲ್ಲಗೆ ದನಿ ಬಂತು: "ಯಾ ಅಲ್ಲಾ! ನೋಡಾಕ ಸಣ್ಣಾವ ಕಾಣ್ತಾನಲ್ರಿ!"

ಎಲ್ಲ ಬಿಡಿಸಿ ಹೇಳಿದ ಮೇಲೆ ಮಾಮು ನಕ್ಕರು. ನಿಕಾಹ್‌ಗೆ ನನ್ನನ್ನೂ ಕರೆದರು.

ಕಣ್ಣಿನ ಕೆಲಸ

ಈಗ ಖಾತೆ ಮಾಡಬೇಕಾದರೆ ಫೋನಿನಲ್ಲಿ ಮುಖ ತೋರಿಸಬೇಕು. ಕಣ್ಣು ಪಿಳುಕಿಸಿದರೆ ಮಾತ್ರ ಫೋಟೋ ಬೀಳುತ್ತದೆ. ಪ್ಯಾಕಿಂಗಿನ ಹೆಣ್ಣುಮಗಳೊಬ್ಬಳದು ಬಾಕಿ ಇತ್ತು. "ಮುಪ್ಪಾದ ಮ್ಯಾಲ ಮಕ್ಕಳ ಮುಂದ ಕೈ ಒಡ್ಡಬಾರದ್ರಿ, ನಂದೂ ಲಗೂನ ಮಾಡ್ರಿ" ಎಂದು ತಾನೇ ಬೆನ್ನು ಹತ್ತಿದ್ದಳು. ನಾನೇ ಫೋನ್ ಹಿಡಿದು ಮಷೀನಿನ ಹತ್ತಿರ ಹೋದೆ. ಆ ಗದ್ದಲದಲ್ಲಿ ಆಕೆಗೆ ಒಂದೂ ಮಾತು ಕೇಳಿಸದು. ಪಿಳುಕಿಸು ಎಂಬ ಮಾತು ನನ್ನ ಬಾಯಿಗೆ ಬರಲೂ ಇಲ್ಲ.

"ತಂಗಿ, ಕಣ್ಣ ಹೊಡಿ!" ಎಂದು ಒದರಿದೆ.

"ಆಂ?"

"ಕಣ್ಣ ಹೊಡಿ ನನಗ!"

ಆ ಹೊತ್ತಿಗೇ ಮಷೀನು ನಿಂತಿತು. ಇಡೀ ಪ್ಯಾಕಿಂಗ್ ಸೆಕ್ಷನ್ ನನ್ನನ್ನೇ ನೋಡುತ್ತಿತ್ತು.

ಆಕೆ ಕೈ ಒರೆಸಿಕೊಂಡಳು. "ನಮ್ಮನಿಯವ್ರು ಇಲ್ಲೇ ಗೋದಾಮಿನ್ಯಾಗ ಅದಾರ್ರಿ. ಒಂದ್ ಮಾತು ಕೇಳಿ ಬರ್ತೀನಿ."

ಗಂಡ ಬಂದ. ನನ್ನ ಎರಡರಷ್ಟು ಆಳು. ನಾನು ಬೆವರು ಸುರಿಸುತ್ತ ಆ್ಯಪ್ ತೋರಿಸಿ, ಎರಡೂ ಕಣ್ಣು ಮುಚ್ಚಿ ತೆರೆದರೆ ಸಾಕು, ಸರಕಾರದ ನಿಯಮ ಎಂದು ಸಮಜಾಯಿಷಿ ಕೊಟ್ಟೆ. ಆತ ಎಲ್ಲ ಕೇಳಿ ನನ್ನ ಕೈಯಿಂದ ಫೋನ್ ತೆಗೆದುಕೊಂಡ.

"ಮದಿವಿಯಾಗಿ ಇಷ್ಟು ವರ್ಷಾತು ಸಾಹೇಬ್ರ, ನನಗ ಒಮ್ಮೆನೂ ಕಣ್ಣ ಹೊಡದಿಲ್ರಿ ಇಕಿ. ಪಿಎಫ್ ಮಾಡ್ರಿ, ಬ್ಯಾಡನ್ನಂಗಿಲ್ಲ. ಫೋನ್ ಮಾತ್ರ ನಾ ಹಿಡೀತೀನಿ!"

ಆಕೆಗೆ ನಗು ತಡೆಯಲಾಗಲಿಲ್ಲ, ಆ್ಯಪ್ ಮುಖ ಒಪ್ಪಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ನೆಟ್ಟಗೆ ನಿಂತು ಕಣ್ಣು ಪಿಳುಕಿಸಿದಳು. ಖಾತೆ ಆಯಿತು.

ಗಂಡ ಫೋನ್ ಇಳಿಸಲಿಲ್ಲ.

"ಬರೋಬರಿ ಬಿದ್ದಿಲ್ಲ ಕಾಣ್ತದ್ರಿ," ಅಂದ. "ಇನ್ನೊಮ್ಮೆ ನೋಡೂಣು."