ಡಬ್ಬಿ ಖಾಲಿ ಕೊಡಬಾರದು

ಲೆಕ್ಕ ಇಡುವವರನ್ನು ಜನ ಸುಲಭವಾಗಿ ನಂಬುತ್ತಾರೆ. ನಂಬಬಾರದು ಎಂದು ನಾನೇ ಹೇಳಿದರೆ ಚೆನ್ನಾಗಿರುವುದಿಲ್ಲ, ಆದರೂ ಹೇಳಿಬಿಡುತ್ತೇನೆ. ಒಂಬತ್ತು ವರ್ಷದಿಂದ ಡೈರಿ ಬರೆಯುತ್ತಿದ್ದೇನೆ. ಪಸಡೀನಾದ ನನ್ನ ಕೋಣೆಯಲ್ಲಿ ಎಷ್ಟು ಸಲ ಹಾಲು ಉಕ್ಕಿದೆ ಎಂಬುದಕ್ಕೂ ದಾಖಲೆಯಿದೆ: ನಲವತ್ತೊಂದು ಸಲ. ಅದರಲ್ಲಿ ಆರು ಸಲ ನಾನು ಒಲೆಯ ಮುಂದೆಯೇ ನಿಂತಿದ್ದೆ.

ಡಿಸೆಂಬರ್ ರಜೆಗೆ ಫೋರ್ ಎಸ್ ರ್ಯಾಂಚ್‌ ಎಂಬ ಬಡಾವಣೆಯಲ್ಲಿರುವ ಕಾಕಾ, ಅಂದರೆ ಅಪ್ಪನ ತಮ್ಮನ ಮನೆಗೆ ಹೋಗುತ್ತೇನೆ. ಅವರ ಎದುರುಮನೆಯ ಲಿಂಡಾ ಆಂಟಿ ಕ್ರಿಸ್‌ಮಸ್ಸಿಗೆಂದು ಕೆಂಪು ತಗಡಿನ ಡಬ್ಬಿಯ ತುಂಬ ಕುಕ್ಕಿ ಬಿಸ್ಕತ್ತು ಕೊಡುತ್ತಾರೆ. ಬೇರೆಯವರ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದು ಕಾಕಾರ ಹೆಂಡತಿ, ನಮ್ಮ ಕಾಕುವಿನ ಪ್ರಕಾರ ಮನೆತನಕ್ಕೇ ಕುಂದು. ಹಾಗಾಗಿ ಅದು ಶೇಂಗಾ ಉಂಡೆ ತುಂಬಿಕೊಂಡು ವಾಪಸು ಹೋಗುತ್ತದೆ. ಬರಿಗೈಯಲ್ಲಿ ಧನ್ಯವಾದ ಹೇಳಲು ಲಿಂಡಾ ಆಂಟಿಗೂ ಬರುವುದಿಲ್ಲ, ಮತ್ತೆ ಕುಕ್ಕಿ. ಹೋದ ವರ್ಷ ನಾನು ಹದಿನಾಲ್ಕನೆಯ ತಾರೀಖು ತಲುಪುವಷ್ಟರಲ್ಲಿ ಡಬ್ಬಿ ಐದು ಸಲ ರಸ್ತೆ ದಾಟಿತ್ತು.

ಕಷ್ಟವೆಂದರೆ ಕಾಕಾರ ಸಕ್ಕರೆ ಕಾಯಿಲೆ. ಇಪ್ಪತ್ತಮೂರಕ್ಕೆ ರಕ್ತಪರೀಕ್ಷೆ, ಈ ಸಲವೂ ಏರಿದ್ದರೆ ಇನ್ಸುಲಿನ್ ಚುಚ್ಚುವುದೇ ಎಂದು ಡಾಕ್ಟರ್ ಹೇಳಿದ್ದರು. ಕಾಕು ಸೂಜಿ ಹಿಡಿದು ಗುಂಡಿ ಹೊಲಿಯಲು ಕುಳಿತರೂ ಕಾಕಾ ಎದ್ದು ಬೇರೆ ಕೋಣೆಗೆ ಹೋಗುವ ಮನುಷ್ಯ. ಡಬ್ಬಿಯ ಓಡಾಟ ನಿಲ್ಲಿಸೋಣ ಎಂದೆ.

"ನಿಲ್ಲಸೂದು ಹೆಂಗ? ಖಾಲಿ ಡಬ್ಬಿ ಕೊಟ್ಟು ಯಾವ ಮಾರಿ ಇಟ್ಕೊಂಡು ಆಕಿಗೆ ಹ್ಯಾಪಿ ನ್ಯೂ ಇಯರ್ ಅನ್ಲಿ?" ಎಂದರು ಕಾಕು.

ಡಬ್ಬಿ ನಿಲ್ಲದು ಎಂದಮೇಲೆ ಕಾಕಾರನ್ನೇ ನಿಲ್ಲಿಸಬೇಕು. ಕಾವಲಿಗೆ ನನ್ನ ನೇಮಕವಾಯಿತು. ಡೈರಿಯಲ್ಲಿ ಗೆರೆ ಎಳೆದು ಬಂದದ್ದು, ಉಳಿದದ್ದು, ಕಾಕಾ ತಿಂದದ್ದು ಎಂದು ಮೂರು ಕಾಲಂ ಮಾಡಿದೆ. ಮೊಟ್ಟೆ ಹಾಕಿದ್ದನ್ನು ಕಾಕು ಮುಟ್ಟುವುದಿಲ್ಲವಾದ್ದರಿಂದ ಕಳೆಯುವ ಲೆಕ್ಕ ಸುಲಭ. ಹದಿನಾರನೆಯ ತಾರೀಖು ಇಪ್ಪತ್ತನಾಲ್ಕು ಬಂದು ಸಂಜೆಗೆ ಹದಿನೇಳು ಉಳಿದಿದ್ದವು. ಕಾಕಾ ತಿಂದದ್ದು, ಏಳು. ತಾವು ಮುಟ್ಟೇ ಇಲ್ಲವೆಂದು ಅವರು ಆಣೆ ಇಟ್ಟರು. ಬರೆದದ್ದರ ಮುಂದೆ ಬಾಯಿಮಾತು ನಿಲ್ಲುತ್ತದೆಯೇ? ಕಾಕು ಅವರ ರಾತ್ರಿಯ ಅನ್ನ ನಿಲ್ಲಿಸಿದರು. ಹದಿನೆಂಟರಂದು ಒಂಬತ್ತು, ರೊಟ್ಟಿಯೂ ಎರಡರಿಂದ ಒಂದಕ್ಕಿಳಿಯಿತು. ಕಾಕಾ ಮೆಂತ್ಯದ ನೀರು ಕುಡಿಯುತ್ತ ನನ್ನ ಡೈರಿಯನ್ನು ಪೊಲೀಸ್ ಠಾಣೆಯನ್ನು ನೋಡುವಂತೆ ನೋಡುತ್ತಿದ್ದರು.

ಇಪ್ಪತ್ತನಾಲ್ಕಕ್ಕೆ ರಿಪೋರ್ಟ್ ಬಂತು. ಎರಡು ವರ್ಷದಲ್ಲಿ ಅಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ನನ್ನ ಲೆಕ್ಕದ ಪ್ರಕಾರ ಮೂವತ್ತೆಂಟು ಕುಕ್ಕಿ ತಿಂದ ಮನುಷ್ಯನ ರಿಪೋರ್ಟದು. ಕಾಕು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಒಂದು ಸಣ್ಣ ವಿಷಯ ತಡವಾಗಿ ಹೇಳುತ್ತಿದ್ದೇನೆ. ಎಣಿಸುವಾಗ ಒಡೆದ ಕುಕ್ಕಿಗಳನ್ನು ಪಕ್ಕಕ್ಕೆ ತೆಗೆಯುತ್ತಿದ್ದೆ. ಚೂರುಗಳಿಂದ ಲೆಕ್ಕ ಕೆಡುತ್ತದೆ. ಬಿಸಾಡಲು ಮನಸ್ಸು ಬಾರದೆ ತಿನ್ನುತ್ತಿದ್ದೆ. ಕೆಲವು, ಕೈಯಲ್ಲಿ ಹಿಡಿದ ಮೇಲೆ ಒಡೆಯುತ್ತಿದ್ದವು.

ಕ್ರಿಸ್‌ಮಸ್ ಊಟಕ್ಕೆ ಲಿಂಡಾ ಆಂಟಿ ಬಂದರು. ತಟ್ಟೆಗೆ ಕೈ ಹಾಕುವ ಮೊದಲು ಒಬ್ಬೊಬ್ಬರೂ ಯಾರಿಗೆ ಕೃತಜ್ಞರು ಎಂದು ಹೇಳುವುದು ಅವರು ಕಲಿಸಿದ ಪದ್ಧತಿ. ಕಾಕಾ ಇಂಗ್ಲಿಷಿನಲ್ಲಿ ಆಂಟಿಗೂ ಡಾಕ್ಟರಿಗೂ ಹೇಳಿ ಮುಗಿಸಿ, ಕನ್ನಡಕ್ಕೆ ಹೊರಳಿದರು. "ನನ್ನ ಪಾಲಿಂದೂ ತಾನ ತಿಂದು ನನ್ನ ಸೂಜಿ ತಪ್ಪಿಸಿದ ಈ ಹುಡುಗಿಗೆ ಭಾಳ ಥ್ಯಾಂಕ್ಸ್. ಲೆಕ್ಕ ಮಾತ್ರ ಹಂಗ ಇಡವಾ ತಂಗಿ."

ಏನೆಂದರು ಎಂದು ಆಂಟಿ ಕೇಳಿದರು. ಹುಡುಗಿಗೆ ನಿಮ್ಮ ಕುಕ್ಕಿ ಬಹಳ ಇಷ್ಟವಂತೆ ಎಂದು ಕಾಕು ಅನುವಾದಿಸಿದರು. ಹೊರಡುವ ದಿನ ಆಂಟಿ ಕೆಂಪು ಡಬ್ಬಿಯನ್ನು ತುಂಬಿ ನನ್ನ ಕೈಗೇ ಕೊಟ್ಟರು.

ಡಬ್ಬಿ ಈಗ ಪಸಡೀನಾದಲ್ಲಿ, ನನ್ನ ಮೇಜಿನ ಮೇಲಿದೆ. ಖಾಲಿ ಕೊಡುವಂತಿಲ್ಲ. ನನಗೆ ಬರುವ ಅಡುಗೆ ಹಾಲು ಕಾಯಿಸುವುದೊಂದೇ. ಅದರ ದಾಖಲೆಯನ್ನು ಮೊದಲೇ ಕೊಟ್ಟಿದ್ದೇನೆ.