ಮಿಸ್ಸಿಗೆ ಕಂಪ್ಯೂಟರ್ ಕ್ಲಾಸು

ಅದು ಎಲ್ಲ ಗುರುವಾರಗಳಂಥದೇ ಒಂದು ಗುರುವಾರ. ನಮ್ಮವರು ಬೆಳಗ್ಗೆ ಎರಡು ದೋಸೆ ತಿಂದು, ಮೂರನೆಯದು ಬೇಡವೆಂದು ಎದ್ದು, ಮೂಕಂಡಪಲ್ಲಿಯ ಕಾರ್ಖಾನೆಗೆ ಹೋಗುವ ಬಸ್ಸು ಹತ್ತಿದರು. ನಾನು ಶಾಲೆಗೆ ಹೋಗಿ ಹತ್ತನೇ ತರಗತಿಗೆ ಹೊಸ ಪದ್ಯ ಶುರು ಮಾಡಿದ್ದೆ. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಕಾರ್ಖಾನೆಯಿಂದ ಫೋನು ಬಂತು. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತರು. ಆದರೆ ತಮಿಳುನಾಡಿನ ಗಡಿಯೊಳಗಿರುವ ನಮ್ಮ ಹೊಸೂರು ಕಡೆಯ ಮೂರು ಕನ್ನಡ ಶಾಲೆಗಳಿಗೆ ಅವರೇ ಅಚ್ಚುಕೂಟ. ತಮಿಳು, ಇಂಗ್ಲಿಷ್ ಮಾಧ್ಯಮದ ಮಾದರಿ ಪ್ರಶ್ನೆಪತ್ರಿಕೆಗಳು ಯಾವ ಅಂಗಡಿಯಲ್ಲೂ ಸಿಗುತ್ತವೆ. ಕನ್ನಡದ್ದನ್ನು ನಾವೇ ಮಾಡಿಕೊಳ್ಳಬೇಕು. ನಾನು ಹೇಳುತ್ತಿದ್ದೆ, ಅವರು ಟೈಪ್ ಮಾಡುತ್ತಿದ್ದರು. ಅವರು ಹೋದ ಮೂರು ತಿಂಗಳಿಗೆ ಸೂಳಗಿರಿ ಕಡೆಯ ಶಾಲೆಯ ಟೀಚರ್ ಫೋನ್ ಮಾಡಿ, "ಈ ಸಲ ಮಾದರಿ ಪರೀಕ್ಷೇನ ಬೋರ್ಡ್ ಮೇಲೆ ಬರೆದುಬುಡೋಣ ಮಿಸ್, ನೀವು ತೊಂದ್ರೆ ತಗೋಬೇಡಿ" ಎಂದರು. ಬೋರ್ಡು ನೋಡಿ ಬರೆದು ರೂಢಿಯಾದ ಮಕ್ಕಳು ಪಬ್ಲಿಕ್ ಪರೀಕ್ಷೆಯಲ್ಲಿ ಅಚ್ಚಾದ ಪತ್ರಿಕೆ ಕೈಗೆ ಬಂದಾಗ ಬೆವರುತ್ತಾರೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಬೇಡ, ನಾನೇ ಟೈಪ್ ಮಾಡಿ ಕೊಡ್ತೀನಿ" ಎಂದುಬಿಟ್ಟೆ. ಆಗ ನನಗೆ ಅವರ ಲ್ಯಾಪ್‌ಟಾಪನ್ನು ಮುಚ್ಚಲು ಮಾತ್ರ ಬರುತ್ತಿತ್ತು.

ಹೀಗೆ ಐವತ್ತೊಂದನೇ ವಯಸ್ಸಿನಲ್ಲಿ ನಾನು ವಿದ್ಯಾರ್ಥಿನಿಯಾದೆ. ಕಂಪ್ಯೂಟರಿನ ಎದುರು ಕೂತವರಿಗೆ ವಾರಕ್ಕೊಂದಾದರೂ ಏನಾದರೂ ಆಗುತ್ತಲೇ ಇರುತ್ತದೆ. ನನಗೆ ಆದದ್ದನ್ನು ಆದ ಹಾಗೇ ಬರೆಯುತ್ತಿದ್ದೇನೆ.

ಪಾಠ ಯಾರು ಮಾಡಬೇಕು

ಮತ್ತಿಗಿರಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಒಂದು ಕೋಣೆ. ಶನಿವಾರ ಮಧ್ಯಾಹ್ನ ಕ್ಲಾಸು. ಹಸಿರು ಪರದೆಗಳ ಹಿಂದಿನಿಂದ ಬಿಸಿಲು ಬಂದು ಕೋಣೆಯೆಲ್ಲ ಕೆರೆಯ ತಳದ ಹಾಗೆ ಕಾಣುತ್ತಿತ್ತು. ಫ್ಯಾನಿನ ಸದ್ದಿಗೆ ಕಣ್ಣು ತಾನಾಗಿ ಅರ್ಧ ಮುಚ್ಚುತ್ತಿತ್ತು.

ಕಲಿಸುವವಳು ನನ್ನ ಹಳೆಯ ವಿದ್ಯಾರ್ಥಿನಿ. ಎಂಟನೇ ತರಗತಿಯಲ್ಲಿ ಅಕ್ಷರ ದುಂಡಗಿಲ್ಲವೆಂದು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಮೊದಲ ದಿನ ನಾನು ಐದು ನಿಮಿಷ ತಡವಾಗಿ ಬಾಗಿಲಲ್ಲಿ ಕಾಣಿಸಿಕೊಂಡೆ. ಪಾಠ ಮಾಡುತ್ತಿದ್ದವಳು ತಟ್ಟನೆ ಕೈಕಟ್ಟಿ, "ನಮಸ್ತೇ ಮಿಸ್" ಎಂದು ನೆಟ್ಟಗೆ ನಿಂತಳು. ಅವಳು ನಿಂತದ್ದನ್ನು ನೋಡಿ ಉಳಿದ ಆರು ಜನವೂ ಎದ್ದರು. ನನಗೂ ಇಪ್ಪತ್ತೆಂಟು ವರ್ಷದ ರೂಢಿ.

"ಕೂತ್ಕೊಳ್ಳಿ" ಎಂದೆ.

ಎಲ್ಲರೂ ಕೂತರು. ಅವಳೂ ಕೂತಳು. ನಾನು ಕರಿಹಲಗೆಯ ಪಕ್ಕ ನಿಂತಿದ್ದೆ. ಆ ದಿನ ಕಂಪ್ಯೂಟರ್ ಪಾಠ ಯಾರು ಮಾಡಬೇಕೆಂದು ತೀರ್ಮಾನವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಬಾಲ

ನನ್ನ ಪಕ್ಕದ ಕುರ್ಚಿಯವರು ಸೂಳಗಿರಿ ಹತ್ತಿರ ಗುಲಾಬಿ ಬೆಳೆಯುವ ರೈತರು. ಹೂವಿನ ಆರ್ಡರುಗಳನ್ನು ತಾವೇ ಬರೆದಿಟ್ಟುಕೊಳ್ಳಬೇಕೆಂದು ಬಂದಿದ್ದರು. ಮೌಸನ್ನು ಎರಡೂ ಕೈಯಲ್ಲಿ, ಗೂಡಿನಿಂದ ಬಿದ್ದ ಮರಿಯನ್ನು ಹಿಡಿಯುವ ಹಾಗೆ ಹಿಡಿಯುತ್ತಿದ್ದರು.

"ಅಣ್ಣ, ಒಂದೇ ಕೈ ಸಾಕು. ಅದೆಲ್ಲೂ ಓಡೋಗಲ್ಲ. ನೋಡಿ, ಬಾಲ ಕಟ್ಟಾಕಿದೀವಿ" ಎಂದು ಕಲಿಸುವ ನಮ್ಮ ಹುಡುಗಿ ವೈರನ್ನು ತೋರಿಸಿದಳು.

ಅವರಿಗೆ ಧೈರ್ಯ ಬಂತು. ಎರಡು ವಾರ ಒಂದೇ ಕೈಯಲ್ಲಿ ಚೆನ್ನಾಗಿ ಆಡಿಸಿದರು. ಮೂರನೇ ವಾರ ಆ ಮೌಸು ಕೆಟ್ಟಿತು, ಅವಳು ವೈರಿಲ್ಲದ ಹೊಸದೊಂದನ್ನು ತಂದಿಟ್ಟಳು. ರೈತರು ಅದನ್ನು ತಿರುಗಿಸಿ, ಹಿಂದೆ ಮುಂದೆ ನೋಡಿ, ನಿಧಾನವಾಗಿ ಎರಡನೇ ಕೈಯನ್ನೂ ಮೇಲಿಟ್ಟರು.

"ಏನಣ್ಣ ಇದು?"

"ಇದಕ್ಕೆ ಬಾಲ ಇಲ್ವಲ್ಲಮ್ಮಣ್ಣಿ" ಎಂದರು.

ಹಿಂದಕ್ಕೆ

ಕಂಟ್ರೋಲ್ ಒತ್ತಿ ಝಡ್ ಒತ್ತಿದರೆ, ಆಗ ತಾನೇ ಮಾಡಿದ ತಪ್ಪು ಮಾಡದಂತಾಗುತ್ತದೆ. ಅವಳು ಕಲಿಸಿದ ಉಪಾಯಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ಒಂದು ಪುಟ ಪೂರ್ತಿ ಅಳಿಸಿ, ಮತ್ತೆ ಬರಿಸಿ, ಮತ್ತೆ ಅಳಿಸಿ ನೋಡಿದೆ. ಅಕ್ಷರಗಳು ಹಕ್ಕಿಗಳ ಹಾಗೆ ಹಾರಿ ಹೋಗಿ ಅದೇ ಕೊಂಬೆಗೆ ಬಂದು ಕೂರುತ್ತಿದ್ದವು. ಆ ವಾರ ಸಾರಿಗೆ ಎರಡು ಸಲ ಉಪ್ಪು ಹಾಕಿದಾಗ ನನ್ನ ಎಡಗೈಯ ಎರಡು ಬೆರಳು ಅಡುಗೆಮನೆ ಕಟ್ಟೆಯ ಮೇಲೆ ತಾವಾಗಿ ಒತ್ತಿಕೊಂಡವು.

ಮುಂದಿನ ಶನಿವಾರ ಕೇಳಿದೆ: "ಎಷ್ಟು ಹಿಂದಕ್ಕೆ ಹೋಗುತ್ತಮ್ಮ ಇದು?"

"ಫೈಲ್ ತೆರೆದಾಗಿನಿಂದ ಮಿಸ್. ಮುಚ್ಚಿ ತೆರೆದ್ರೆ ಹಳೇದೆಲ್ಲ ಹೋಯ್ತು. ಅದಕ್ಕಿಂತ ಹಿಂದಕ್ಕೆ ಹೋಗಲ್ಲ."

ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ರೈತರು ಮಾತ್ರ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಅವತ್ತು ಕ್ಲಾಸು ಮುಗಿದು ಎಲ್ಲರೂ ಎದ್ದರೂ ಅವರು ಏಳಲಿಲ್ಲ.

"ಮುಚ್ಚಿ ಅಣ್ಣ, ಬಾಗಿಲು ಹಾಕ್ಬೇಕು."

"ಮುಚ್ಚಲ್ಲ ಕಣಮ್ಮ. ಮುಚ್ಚಿದ್ರೆ ನಾ ಮಾಡಿರೋ ತಪ್ಪೆಲ್ಲಾ ಕಾಯಂ ಆಗೋಯ್ತದೆ."

ಖಾಲಿ ಚೌಕಗಳು

ಎರಡು ತಿಂಗಳಿಗೆ ಮೊದಲ ಕಿರುಪರೀಕ್ಷೆಯ ಪತ್ರಿಕೆ ಸಿದ್ಧವಾಯಿತು. ನಮ್ಮವರ ಲ್ಯಾಪ್‌ಟಾಪಿನಲ್ಲಿ, ಒಂದೇ ಬೆರಳಿನಲ್ಲಿ, ಹನ್ನೊಂದು ದಿನ ಕೂತು ಟೈಪ್ ಮಾಡಿದ್ದೆ. ಪೆನ್ ಡ್ರೈವಿಗೆ ಹಾಕಿಕೊಂಡು, ಅದನ್ನು ಕರ್ಚೀಫಿನಲ್ಲಿ ಸುತ್ತಿ, ಹೊಸೂರು ಬಸ್ ನಿಲ್ದಾಣದ ಹತ್ತಿರದ ಪ್ರಿಂಟ್ ಅಂಗಡಿಯಲ್ಲಿ ಕೊಟ್ಟು, ನಲವತ್ತು ಪ್ರತಿ ಎಂದು ಹೇಳಿ ತರಕಾರಿಗೆ ಹೋದೆ.

ಬರುವಷ್ಟರಲ್ಲಿ ಅಂಗಡಿಯವನು ನಲವತ್ತನ್ನೂ ಜೋಡಿಸಿ, ಪಿನ್ ಹೊಡೆದು ಇಟ್ಟಿದ್ದ. "ಮೇಡಂ, ರೊಂಬ ನೀಟಾ ವಂದಿರುಕ್ಕು" ಎಂದು ತಮಿಳಿನಲ್ಲಿ ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡ. ನೋಡಿದೆ. ನಿಜವಾಗಿಯೂ ನೀಟಾಗಿತ್ತು. ಮೇಲಿಂದ ಕೆಳಗಿನವರೆಗೆ ಸಾಲು ಸಾಲಾಗಿ ಬರೀ ಖಾಲಿ ಚೌಕಗಳು. ಅಂಗಡಿಯ ಹಳೇ ಕಂಪ್ಯೂಟರಿಗೆ ಕನ್ನಡದ ಅಕ್ಷರಗಳ ಪರಿಚಯವೇ ಇರಲಿಲ್ಲ.

"ಇದರಲ್ಲಿ ಪ್ರಶ್ನೆ ಎಲ್ಲಪ್ಪ?" ಎಂದೆ.

ಅವನು ಚೌಕಗಳನ್ನೂ ನನ್ನ ಮುಖವನ್ನೂ ನೋಡಿ, ಈಗ ಕನ್ನಡಕ್ಕೆ ತಿರುಗಿದ: "ಮಕ್ಕಳು ತುಂಬೋಕೆ ಅಂತಲ್ವಾ ಮೇಡಂ ಇದು? ನಾನು ಒಂದೊಂದು ಚೌಕಾನೂ ಸರಿಯಾಗಿ ಬಂದೈತಾ ಅಂತ ಎಣಿಸಿ ನೋಡಿದೀನಿ!"

ಪಿಡಿಎಫ್ ಮಾಡಿ ಕೊಟ್ಟರೆ ಅಕ್ಷರ ಕದಲುವುದಿಲ್ಲ ಎಂಬ ಪಾಠ ನನಗೆ ಬಂದದ್ದು ಹೀಗೆ.

ಯಾರು, ಯಾರಿಗೆ, ಯಾವಾಗ

ಕೊನೆಗೆ ಮಾದರಿ ಪರೀಕ್ಷೆ ಬಂತು. ಮೂರು ಶಾಲೆಗಳ ಮಕ್ಕಳಿಗೆ ಒಂದೇ ಪತ್ರಿಕೆ. ಈ ಸಲ ಒಂದು ತಪ್ಪೂ ಇರಬಾರದೆಂದು ನಿಶ್ಚಯಿಸಿದ್ದೆ.

"ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು?" ಎಂಬ ಮೂರು ಅಂಕದ ಪ್ರಶ್ನೆಗಳಿಗೆ ಪಾಠಗಳಿಂದ ನಾಲ್ಕು ಮಾತುಗಳು ಬೇಕು. ಮೂರನೆಯದು ಹೊಳೆಯಲಿಲ್ಲ. ಆಮೇಲೆ ತುಂಬೋಣವೆಂದು ಗುರುತಿಗೆ "ಅಅ" ಎಂದು ಎರಡಕ್ಷರ ಒತ್ತಿ ಮುಂದಕ್ಕೆ ಹೋದೆ. ನನ್ನ ಕಣ್ಣು ಯಾವಾಗಲೂ ಕೀಲಿಗಳ ಮೇಲೆ. ಪರದೆಯನ್ನು ನೋಡುವ ಮಟ್ಟಕ್ಕೆ ಇನ್ನೂ ಬಂದಿರಲಿಲ್ಲ. ಎಲ್ಲ ಮುಗಿದ ಮೇಲೆ, ಅವಳು ಹೇಳಿಕೊಟ್ಟ ಹಾಗೆ ಕಂಟ್ರೋಲ್ ಎಫ್ ಒತ್ತಿ "ಅಅ" ಎಲ್ಲಿದೆ ಎಂದು ಹುಡುಕಿಸಿದೆ. ಎಲ್ಲೂ ಇಲ್ಲ ಎಂದಿತು. ಹಾಗಾದರೆ ತುಂಬಿಬಿಟ್ಟಿದ್ದೇನೆ ಎಂದುಕೊಂಡೆ. ಕಂಪ್ಯೂಟರೇ ಇಲ್ಲವೆಂದ ಮೇಲೆ ನಾನು ನೋಡುವುದೇನು?

ಪರೀಕ್ಷೆಯ ನಡುವೆ ಮುಂದಿನ ಸಾಲಿನ ಹುಡುಗಿ ಎದ್ದಳು.

"ಮಿಸ್, ಈ ಮೂರನೇದು ಯಾವ ಪಾಠದ್ದು?"

"ಪಾಠ ಓದಿದೋರಿಗೆ ಗೊತ್ತಾಗುತ್ತೆ. ಕೂತ್ಕೊಂಡು ಬರಿ" ಎಂದೆ, ತಲೆಯೆತ್ತದೆ.

ಸಂಜೆ ಸೂಳಗಿರಿಯ ಟೀಚರ್ ಫೋನ್ ಮಾಡಿದರು. "ಮಿಸ್, ಪೇಪರ್ ಬಲು ಚೆನ್ನಾಗೈತೆ, ಮಕ್ಕಳು ಒಬ್ಬರೂ ಗಾಬರಿ ಆಗ್ಲಿಲ್ಲ. ಆದ್ರೆ ಆ ಮೂರನೇ ಮಾತು ಯಾವ ಪಾಠದಲ್ಲೈತೆ? ನಾನೂ ಎರಡು ಸಲ ಪುಸ್ತಕ ತಿರುವಿಬುಟ್ಟೆ."

ಆಗ ಪತ್ರಿಕೆ ತೆಗೆದು ನೋಡಿದೆ. ನಾಲ್ಕು ಮಾತುಗಳ ನಡುವೆ, ಒಪ್ಪವಾದ ಅಚ್ಚಿನಲ್ಲಿ ಹೀಗಿತ್ತು:

"ಏಳ್ರೀ ಸಾಕು, ಅನ್ನ ಆರೋಯ್ತಾ ಐತೆ. ಆಮೇಲೆ ಬಿಸಿ ಇಲ್ಲ ಅಂದ್ರೆ ನಾ ಮಾತಾಡ್ಸಲ್ಲ."

ಅದು ಯಾವ ಪಾಠದ್ದೂ ಅಲ್ಲ. ಅವರು ಟೈಪ್ ಮಾಡುತ್ತ ಕೂತಾಗ ನಾನು ಅಡುಗೆಮನೆಯಿಂದ ಕೂಗುತ್ತಿದ್ದ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲದೆ.

ಶನಿವಾರ ಲ್ಯಾಪ್‌ಟಾಪನ್ನು ನಮ್ಮ ಹುಡುಗಿಯ ಮುಂದಿಟ್ಟೆ. ಅವಳು ಏನನ್ನೋ ತೆರೆದು ಒಂದು ಪಟ್ಟಿ ತೋರಿಸಿದಳು.

"ಮಿಸ್, ಸರ್ ಎರಡೆರಡು ಅಕ್ಷರಕ್ಕೆ ಒಂದೊಂದು ವಾಕ್ಯ ಕಟ್ಟಿಟ್ಟಿದಾರೆ. ಬೇಗ ಟೈಪ್ ಮಾಡೋಕೆ. ಎರಡು ಒ ಒತ್ತಿದ್ರೆ 'ಒಂದು ವಾಕ್ಯದಲ್ಲಿ ಉತ್ತರಿಸಿ' ಅಂತ ಬರುತ್ತೆ. ಎರಡು ಬಿ ಒತ್ತಿದ್ರೆ 'ಬಿಟ್ಟ ಸ್ಥಳ ತುಂಬಿ'. ಎರಡು ಅ ಒತ್ತಿದ್ರೆ..." ಎಂದು ಓದಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಗುತ್ತಿದ್ದಾಳೆಂದು ಗೊತ್ತಾಯಿತು. ನನಗೂ ನಗು ಬಂತು. ಎಷ್ಟೋ ದಿನದ ಮೇಲೆ, ಫ್ಯಾನಿನ ಸದ್ದನ್ನೂ ಮೀರಿ ನಕ್ಕೆ. ರೈತರು ಬಗ್ಗಿ ಪರದೆಯ ಮೇಲಿನ ವಾಕ್ಯ ಓದಿ, "ಇದು ನಮ್ಮನೇಲಿ ದಿನಾ ನಡೆಯೋ ಪಾಠ ಬುಡಿ ಟೀಚರಮ್ಮ" ಎಂದರು.

ಭಾನುವಾರ ಉತ್ತರಪತ್ರಿಕೆಗಳನ್ನು ತಿದ್ದಲು ಕೂತೆ. ಮಕ್ಕಳು ಯಾರೂ ಆ ಪ್ರಶ್ನೆಯನ್ನು ಬಿಟ್ಟಿರಲಿಲ್ಲ. ಒಬ್ಬ, ಇದನ್ನು ಯುದ್ಧಕ್ಕೆ ಹೊರಡದೆ ಚಿಂತೆಯಲ್ಲಿ ಕೂತಿದ್ದ ರಾಜನಿಗೆ ಮಂತ್ರಿ ಹೇಳಿದನೆಂದು ಬರೆದಿದ್ದ. ಇನ್ನೊಬ್ಬ, "ಈ ಮಾತನ್ನು ಕವಿ ನಮಗೆ ಹೇಳಿದ್ದಾರೆ, ಕಾಲ ಯಾರನ್ನೂ ಕಾಯುವುದಿಲ್ಲ ಎಂಬುದು ಇದರ ಸಾರಾಂಶ" ಎಂದು ಒಂದು ಪುಟ ತುಂಬಿಸಿದ್ದ. ಎದ್ದು ನಿಂತು ಕೇಳಿದ್ದ ಹುಡುಗಿಯ ಉತ್ತರ ಮೂರೇ ಸಾಲಿನದು.

"ಯಾರು: ಹೆಂಡತಿ.
ಯಾರಿಗೆ: ಗಂಡನಿಗೆ.
ಯಾವಾಗ: ಅನ್ನ ಬಡಿಸಿ ಎಷ್ಟು ಕರೆದರೂ ಅವರು ಏಳದೆ ಇದ್ದಾಗ."

ಮೂರಕ್ಕೆ ಮೂರು ಅಂಕ ಹಾಕಿದೆ.